ಮೊಡವೆ ಕೊಳೆಯ ಕುರುಹಲ್ಲ

ಹರಯದ ಹುಡುಗ ಹುಡುಗಿಯರಲ್ಲಿ ಅನೇಕರಿಗೆ ಪರೀಕ್ಷೆಗಿಂತ ಕನ್ನಡಿಯ ಭಯವೇ ಹೆಚ್ಚು. ನನ್ನ ವಿದ್ಯಾರ್ಥಿಯೊಬ್ಬನು, ಮೊಡವೆಗೆ ಕೊಳೆಯೇ ಕಾರಣವೆಂದು ನಂಬಿ, ದಿನಕ್ಕೆ ಆರೇಳು ಬಾರಿ ಸಾಬೂನಿನಿಂದ ಮುಖವನ್ನು ಉಜ್ಜಿಕೊಳ್ಳುತ್ತಿದ್ದನು. ಚರ್ಮ ಕೆಂಪಾಗಿ ಉರಿಯತೊಡಗಿತು; ಮೊಡವೆ ಮಾತ್ರ ಹೋಗಲಿಲ್ಲ. ಇದೇಕೆಂಬುದನ್ನು ಅರಿಯಲು ಚರ್ಮದ ರಚನೆಯನ್ನು ತುಸು ಪರಿಶೀಲಿಸೋಣ.

ಕೂದಲು ಹುಟ್ಟುವ ಪ್ರತಿಯೊಂದು ರೋಮಕೂಪಕ್ಕೂ ಹೊಂದಿಕೊಂಡಂತೆ ತೈಲಗ್ರಂಥಿಯುಂಟು. ಅದು ಸ್ರವಿಸುವ ಜಿಡ್ಡು ಕೂಪದ ಬಾಯಿಯಿಂದ ಹೊರಬಂದು ಚರ್ಮವನ್ನು ಮೃದುವಾಗಿಡುತ್ತದೆ. ಅಂಗೈ ಅಂಗಾಲುಗಳಲ್ಲಿ ಈ ಗ್ರಂಥಿಗಳಿಲ್ಲ. ಮುಖದಲ್ಲಿ ಅತ್ಯಂತ ದಟ್ಟವಾಗಿವೆ. ಎದೆ, ಬೆನ್ನುಗಳಲ್ಲಿಯೂ ಹೇರಳವಾಗಿವೆ. ಮೊಡವೆಗಳು ಏಳುವುದೂ ಈ ಭಾಗಗಳಲ್ಲಿಯೇ.

ಹರಯದಲ್ಲಿ ಆಂಡ್ರೊಜನ್ ಎಂಬ ಹಾರ್ಮೋನುಗಳು ಹುಡುಗರಲ್ಲಿಯೂ ಹುಡುಗಿಯರಲ್ಲಿಯೂ ಹೆಚ್ಚುತ್ತವೆ. ಅವುಗಳ ಪ್ರೇರಣೆಯಿಂದ ಗ್ರಂಥಿಗಳು ಹಿಗ್ಗಿ ಅಧಿಕ ಜಿಡ್ಡನ್ನು ಸುರಿಸುತ್ತವೆ. ಕೂಪದ ಒಳಗೋಡೆಯಿಂದ ಉದುರುವ ಜೀವಕೋಶಗಳು ಈ ಜಿಡ್ಡಿನೊಡನೆ ಸೇರಿ ಬಿರಡೆಯಾಗುತ್ತವೆ. ಕೂಪದ ಬಾಯಿ ತೆರೆದಿದ್ದರೆ ಬಿರಡೆಯ ತುದಿ ಕಪ್ಪಾಗಿ ಕಾಣುತ್ತದೆ. ಈ ಕಪ್ಪು ಧೂಳಲ್ಲ. ಚರ್ಮಕ್ಕೆ ಬಣ್ಣವನ್ನೀಯುವ ಮೆಲನಿನ್ ಅಲ್ಲಿರುತ್ತದೆ. ಆದುದರಿಂದಲೇ ಎಷ್ಟು ತೊಳೆದರೂ ಅದು ಹೋಗದು. ಬಾಯಿ ಮುಚ್ಚಿಕೊಂಡರೆ ಬಿಳಿಯ ಗುಳ್ಳೆಯೇಳುತ್ತದೆ. ಚರ್ಮದಲ್ಲಿ ಸಹಜವಾಗಿ ವಾಸಿಸುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯವು ಗಾಳಿಯಾಡದ ಆ ಜಿಡ್ಡಿನಲ್ಲಿ ವೃದ್ಧಿಗೊಳ್ಳುತ್ತದೆ. ದೇಹವು ಅದನ್ನು ಪ್ರತಿಭಟಿಸಿದಾಗ ಉರಿಯೂತವುಂಟಾಗಿ ನೋವು, ಕೀವುಗಳು ಕಾಣಿಸಿಕೊಳ್ಳುತ್ತವೆ.

ಇನ್ನು ಮೊಡವೆಯನ್ನು ಹಿಸುಕುವ ವಿಚಾರ. ಸುತ್ತಲೂ ಮುಚ್ಚಿದ ದ್ರವದ ಮೇಲೆ ಹೇರಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುವುದೆಂಬ ಪ್ಯಾಸ್ಕಲನ ನಿಯಮವನ್ನು ನೀವು ಓದಿದ್ದೀರಿ. ಮೊಡವೆಯೊಳಗಿನ ಕೀವೂ ಬಹುಮಟ್ಟಿಗೆ ಹಾಗೆಯೇ. ಬಾಯಿ ಬಿಗಿದಿರುವಾಗ ಹಿಸುಕಿದರೆ ಕೂಪದ ತೆಳು ಗೋಡೆ ಒಡೆದು, ಕೀವು ಒಳಚರ್ಮಕ್ಕೇ ನುಗ್ಗಬಹುದು. ಆಗ ಉರಿಯೂತ ಆಳಕ್ಕಿಳಿಯುತ್ತದೆ. ಗುಣವಾದ ಮೇಲೂ ಕುಳಿ ಉಳಿಯಬಹುದು. ನಮ್ಮ ಕಂದುಬಣ್ಣದ ಚರ್ಮದಲ್ಲಿ ಕಪ್ಪು ಕಲೆಗಳು ತಿಂಗಳುಗಟ್ಟಲೆ ಮಾಯುವುದಿಲ್ಲ.

ದಿನಕ್ಕೆ 2 ಬಾರಿ ಮೆಲ್ಲನೆ ಮುಖ ತೊಳೆದರೆ ಸಾಕು. ಬೆನ್ಜಾಯಿಲ್ ಪೆರಾಕ್ಸೈಡ್, ಅಡಾಪಲೀನ್ ಮೊದಲಾದ ಲೇಪಗಳು ಫಲ ಕೊಡುತ್ತವೆ; ಆದರೆ ಗುಣ ಕಾಣಲು 6ರಿಂದ 8 ವಾರಗಳಾದರೂ ಬೇಕು. ಮುಖ ಬೆಳ್ಳಗಾಗಲೆಂದು ಸ್ಟಿರಾಯ್ಡ್ ಬೆರೆತ ಮುಲಾಮನ್ನು ಹಚ್ಚಿಕೊಳ್ಳುವುದು ಅಪಾಯಕರ. ಅದರಿಂದಲೇ ಹೊಸ ಮೊಡವೆಗಳೇಳುತ್ತವೆ. ಗಂಟುಗಳಾಗಿ ನೋಯುವ ಮೊಡವೆಗಳನ್ನು ಚರ್ಮವೈದ್ಯರಿಗೆ ತಡಮಾಡದೆ ತೋರಿಸಬೇಕು.

ಮೊಡವೆ ಬೆಳೆಯುವ ದೇಹದ ಒಂದು ಲಕ್ಷಣ, ಅದಕ್ಕಾಗಿ ನಾಚಬೇಕಾದುದಿಲ್ಲ. ಇದನ್ನು ತಿಳಿದ ಬಳಿಕ ನನ್ನ ವಿದ್ಯಾರ್ಥಿಯು ಮುಖ ಉಜ್ಜುವುದನ್ನು ಬಿಟ್ಟನು. ಹಿಂದಿನ ಬೆಂಚಿನಿಂದೆದ್ದು ಮುಂದೆ ಬಂದು ಕುಳಿತನು.