ವಿಕಟಕವಿಯನ್ನು ಗುರುತಿಸದ ಕಂಪ್ಯೂಟರ್

ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅಕ್ಷರಗಳ ಸಾಲಿಗೆ ಸ್ಟ್ರಿಂಗ್ ಎಂದು ಹೆಸರು. ಜನರ ಹೆಸರು, ವಿಳಾಸ, ಪಾಸ್‌ವರ್ಡ್, ಹುಡುಕುವ ಪದ ಇವೆಲ್ಲವೂ ಸ್ಟ್ರಿಂಗ್‌ಗಳೇ ಆಗಿದ್ದು, ಎರಡು ಸ್ಟ್ರಿಂಗ್‌ಗಳು ಸಮವೇ ಎಂದು ಪರೀಕ್ಷಿಸುವಾಗ ಕಂಪ್ಯೂಟರ್ ಅಕ್ಷರದ ಆಕಾರವನ್ನಾಗಲಿ ಉಚ್ಚಾರಣೆಯನ್ನಾಗಲಿ ನೋಡದೆ, ಪ್ರತಿ ಚಿಹ್ನೆಗೂ ಗೊತ್ತುಪಡಿಸಿದ ಸಂಖ್ಯೆಯನ್ನು ಮಾತ್ರ ಮೊದಲಿನಿಂದ ಒಂದೊಂದಾಗಿ ಹೋಲಿಸುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದೂ ಈ ಸಂಖ್ಯೆಗಳಿಂದಲೇ ತೀರ್ಮಾನವಾಗುತ್ತದೆ. ಅಂಕಿ 1ರ ಸಂಕೇತಸಂಖ್ಯೆ 49, ಅಂಕಿ 9ರದು 57 ಆಗಿರುವುದರಿಂದ, ಸ್ಟ್ರಿಂಗ್ ರೂಪದಲ್ಲಿ ಬರೆದ 10 ಎಂಬುದು 9ಕ್ಕಿಂತ ಚಿಕ್ಕದೆಂದೇ ಉತ್ತರ ಬರುತ್ತದೆ.

ಜಗತ್ತಿನ ಲಿಪಿಗಳಿಗೆಲ್ಲ ಇಂಥ ಸಂಖ್ಯೆಗಳನ್ನು ಹಂಚುವ ವ್ಯವಸ್ಥೆಯೇ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿದ್ದು, ‘ಅ’ಕಾರಕ್ಕೆ 3205, ‘ಕ’ಕಾರಕ್ಕೆ 3221 ಎಂಬ ಸಂಖ್ಯೆಗಳಿವೆ. ಆದರೆ ಗುಣಿತದ ಚಿಹ್ನೆಗಳಿಗೂ ವ್ಯಂಜನದ ಸ್ವರವನ್ನು ಅಳಿಸುವ ಹಲಂತ ಚಿಹ್ನೆಗೂ ಬೇರೆ ಬೇರೆ ಸಂಖ್ಯೆಗಳಿರುವುದರಿಂದ, ಓದುಗರ ಕಣ್ಣಿಗೆ ಒಂದಾಗಿ ಕಾಣುವ ಅಕ್ಷರವು ಸ್ಟ್ರಿಂಗ್‌ನೊಳಗೆ ಹಲವು ತುಂಡುಗಳಾಗಿರಬಹುದು. ‘ಕನ್ನಡ’ ಪದದಲ್ಲಿ ಮೂರು ಅಕ್ಷರಗಳಿದ್ದರೂ ಪೈಥಾನ್ ಭಾಷೆ ಅದರ ಉದ್ದವನ್ನು 5 ಎಂದು ಎಣಿಸುತ್ತದೆ. ‘ನ್ನ’ ಒಂದೇ ಮೂರು ಸ್ಥಾನಗಳನ್ನು ಆಕ್ರಮಿಸುತ್ತದೆ.

ಇದರ ಪರಿಣಾಮ ‘ವಿಕಟಕವಿ’ ಎಂಬ ಪದದಲ್ಲಿ ಸ್ಪಷ್ಟವಾಗುತ್ತದೆ. ಹಿಂದುಮುಂದಾಗಿ ಓದಿದರೂ ಬದಲಾಗದ ಈ ಪದವನ್ನು ಪರೀಕ್ಷಿಸಲು ಮೊದಲನೆಯದನ್ನು ಕೊನೆಯದರೊಡನೆ, ಎರಡನೆಯದನ್ನು ಕೊನೆಯಿಂದ ಎರಡನೆಯದರೊಡನೆ ಹೋಲಿಸುತ್ತ ಹೋಗುವುದು ರೂಢಿಯ ಕ್ರಮ. ಆದರೆ ಐದು ಅಕ್ಷರಗಳ ಈ ಪದ ಏಳು ಸಂಕೇತಗಳಾಗಿ ದಾಖಲಾಗಿದ್ದು, ಮೊದಲ ಸಂಕೇತ ‘ವ’, ಕೊನೆಯದು ಇಕಾರದ ಗುಣಿತಚಿಹ್ನೆ ಆಗಿರುವುದರಿಂದ 3253 ಮತ್ತು 3263 ಎದುರುಬದುರಾಗಿ, ಮೊದಲ ಹೆಜ್ಜೆಯಲ್ಲೇ ‘ಸಮವಲ್ಲ’ ಎಂಬ ತಪ್ಪು ಉತ್ತರ ಬರುತ್ತದೆ. ವ್ಯಂಜನ, ಅದರ ಒತ್ತು ಮತ್ತು ಗುಣಿತಚಿಹ್ನೆಗಳನ್ನು ಮೊದಲು ಒಂದು ಘಟಕವಾಗಿ ಕೂಡಿಸಿ, ಅನಂತರ ಘಟಕಗಳನ್ನು ಹೋಲಿಸಿದರೆ ಮಾತ್ರ ಸರಿಯಾದ ಉತ್ತರ ಸಿಗುತ್ತದೆ.

ನೋಟದಲ್ಲಿ ವ್ಯತ್ಯಾಸವೇ ಇಲ್ಲದ ಪದಗಳೂ ಬೇರೆಯಾಗಬಹುದು. ‘ಕೊ’ ಅಕ್ಷರದ ಗುಣಿತವನ್ನು ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳಾಗಿಯೂ ದಾಖಲಿಸಲು ಸಾಧ್ಯವಿರುವುದರಿಂದ, ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸೇಶನ್ ಎಂಬ ಕ್ರಿಯೆ ಅಗತ್ಯ. ಪೈಥಾನ್‌ನಲ್ಲಿ ಇದಕ್ಕೆ ಸಿದ್ಧ ಸೌಲಭ್ಯವಿದೆ. ಅಕಾರಾದಿ ಜೋಡಣೆಯಲ್ಲೂ ಇಂಥದೇ ತೊಡಕಿದೆ. ವರ್ಣಮಾಲೆಯಲ್ಲಿ ‘ಳ’ಕಾರ ‘ಹ’ಕಾರದ ಆಮೇಲೆ ಬಂದರೆ, ಯೂನಿಕೋಡ್ ಪಟ್ಟಿಯಲ್ಲಿ ಅದು ‘ವ’ಕಾರಕ್ಕೂ ಮೊದಲೇ ಇದೆ. ಆದ್ದರಿಂದ ಸಂಖ್ಯೆಯನ್ನಷ್ಟೇ ನಂಬಿದ ಪ್ರೋಗ್ರಾಂ ‘ಹವಳ’ಕ್ಕಿಂತ ಮೊದಲು ‘ಹಳ್ಳಿ’ಯನ್ನು ಇಡುತ್ತದೆ, ನಿಘಂಟಿನ ಕ್ರಮ ಬೇಕಾದರೆ ಭಾಷೆಯ ವಿಂಗಡಣೆಯ ನಿಯಮಗಳನ್ನು ಪ್ರತ್ಯೇಕವಾಗಿ ಅಳವಡಿಸಬೇಕು.

ಕನ್ನಡದ ಮಾಹಿತಿಯನ್ನು ನಿಭಾಯಿಸುವ ತಂತ್ರಾಂಶವನ್ನು ಇಂಗ್ಲಿಷ್ ಹೆಸರುಗಳಿಂದಷ್ಟೇ ಪರೀಕ್ಷಿಸಿ ಬಿಡುಗಡೆ ಮಾಡಿದರೆ ಈ ದೋಷಗಳು ಯಾವುವೂ ಕಣ್ಣಿಗೆ ಬೀಳುವುದಿಲ್ಲ. ಒತ್ತಕ್ಷರ, ಒಕಾರ, ಳಕಾರಗಳಿರುವ ಪದಗಳನ್ನು ಪರೀಕ್ಷೆಯ ಪಟ್ಟಿಗೆ ಸೇರಿಸುವುದು ಪ್ರೋಗ್ರಾಂ ಬರೆಯುವವರು ಮೊದಲು ಮಾಡಬೇಕಾದ ಕೆಲಸ.