ವಿಮಾನದ ಹೊರಮೈಗೆ ಪದರು ತಗಡು

ವಿಮಾನದ ಹೊರಮೈ ಹಗುರವಾಗಿರಬೇಕು, ಬಲವಾಗಿರಬೇಕು. ಮಳೆ, ಮಂಜು, ಕಡಲಗಾಳಿಗಳನ್ನು ವರ್ಷಗಟ್ಟಲೆ ತಾಳಿಕೊಳ್ಳಬೇಕು. ಈ ಮೂರು ಗುಣಗಳೂ ಒಂದೇ ಲೋಹದಲ್ಲಿ ದೊರೆಯುವುದು ಕಷ್ಟ. ಶುದ್ಧ ಅಲ್ಯೂಮಿನಿಯಂ ಹಗುರವಾದುದು, ಬೇಗನೆ ಕೆಡದು, ಆದರೆ ಮೃದು. ಅದಕ್ಕೆ ಶೇಕಡ 4ರಷ್ಟು ತಾಮ್ರವನ್ನೂ ಸ್ವಲ್ಪ ಮೆಗ್ನೀಸಿಯಂ ಅನ್ನೂ ಬೆರೆಸಿದರೆ ಬಲ ಬರುತ್ತದೆ. ಆದರೆ ತೇವ ಮತ್ತು ಉಪ್ಪಿನ ಸಂಪರ್ಕದಲ್ಲಿ ಆ ಮಿಶ್ರಲೋಹವನ್ನು ತುಕ್ಕು ತಿನ್ನತೊಡಗುತ್ತದೆ. 1920ರ ದಶಕದಲ್ಲಿ ಅಮೆರಿಕದ ಲೋಹತಜ್ಞರು ಇದಕ್ಕೆ ಕಂಡುಕೊಂಡ ಪರಿಹಾರವೇ ‘ಆಲ್‌ಕ್ಲಾಡ್’ ಎಂಬ ಪದರು ತಗಡು. ಇದರಲ್ಲಿ ನಡುವೆ ಬಲವಾದ ಮಿಶ್ರಲೋಹ, ಎರಡು ಬದಿಗೂ ಶುದ್ಧ ಅಲ್ಯೂಮಿನಿಯಂ ಇರುತ್ತದೆ.

ಉರುಳೆಗಳ ನಡುವೆ

ಮಿಶ್ರಲೋಹದ ದಪ್ಪ ಹಲಗೆಯ ಮೇಲ್ಮೈಗಳನ್ನು ಚೊಕ್ಕಟಗೊಳಿಸಿ, ಮೇಲೂ ಕೆಳಗೂ ಶುದ್ಧ ಅಲ್ಯೂಮಿನಿಯಂ ಫಲಕಗಳನ್ನು ಇರಿಸಲಾಗುತ್ತದೆ. ಅನಂತರ ಅದನ್ನು ಕಾಯಿಸಿ, ಭಾರಿ ಉರುಳೆಗಳ ನಡುವೆ ಹಾಯಿಸುತ್ತಾರೆ. ಒತ್ತಡಕ್ಕೆ ಮೇಲ್ಮೈಯ ಆಕ್ಸೈಡ್ ಪೊರೆ ಒಡೆದು, ಒಳಗಿನ ಲೋಹಗಳು ನೇರವಾಗಿ ಬೆಸೆದುಕೊಳ್ಳುತ್ತವೆ. ಇದಕ್ಕೆ ಅಂಟಾಗಲಿ ಮೊಳೆಯಾಗಲಿ ಬೇಕಿಲ್ಲ. ತಗಡು ತೆಳುವಾಗುತ್ತ ಹೋದರೂ ಪದರುಗಳ ಪ್ರಮಾಣ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. 1 ಮಿಲಿಮೀಟರ್ ದಪ್ಪದ ತಗಡಿನಲ್ಲಿ ಪ್ರತಿ ಹೊರಪದರು ಸುಮಾರು 0.05 ಮಿಲಿಮೀಟರ್ ಮಾತ್ರ.

ಉಷ್ಣೋಪಚಾರ

ತಗಡಿಗೆ ಪೂರ್ಣ ಬಲ ಬರುವುದು ಕುಲುಮೆಯಲ್ಲಿ. ಸುಮಾರು 495 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ತಾಮ್ರವು ಅಲ್ಯೂಮಿನಿಯಂನೊಳಗೆ ಕರಗಿ ಹರಡುತ್ತದೆ. ಆಗ ತಗಡನ್ನು ಒಡನೆಯೇ ನೀರಿನಲ್ಲಿ ತಣಿಸಬೇಕು. ತಣಿಸಿದ ತಗಡು ಮೊದಲು ಮೃದುವಾಗಿದ್ದು, ಬೇಕಾದ ಆಕಾರಕ್ಕೆ ಬಾಗುತ್ತದೆ. ಕೆಲವು ದಿನಗಳಲ್ಲಿ ತಾನಾಗಿಯೇ ಗಡುಸಾಗುತ್ತದೆ. ಈ ವಿಸ್ಮಯವನ್ನು 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಗಮನಿಸಿದರು. ಇದೇ ಕಾರಣದಿಂದ, ಇಂಥ ಮಿಶ್ರಲೋಹದ ರಿವೆಟ್‌ಗಳನ್ನು ಗಡುಸಾಗದಂತೆ ಶೀತಪೆಟ್ಟಿಗೆಯಲ್ಲಿ ಇಡುವ ರೂಢಿಯುಂಟು.

ಇಲ್ಲಿ ಎಚ್ಚರ ಅಗತ್ಯ. ಉಷ್ಣತೆ ಮಿತಿಮೀರಿದರೆ ಲೋಹದ ಕಣಗಳ ಅಂಚು ಕರಗಿ ತಗಡು ಮತ್ತೆ ಸರಿಪಡಿಸಲಾಗದಂತೆ ಕೆಡುತ್ತದೆ. ಹೆಚ್ಚು ಹೊತ್ತು ಅಥವಾ ಮತ್ತೆ ಮತ್ತೆ ಕಾಯಿಸಿದರೆ ಒಳಗಿನ ತಾಮ್ರ ಹೊರಪದರಿಗೆ ನುಸುಳಿ, ಅದರ ರಕ್ಷಣಾಗುಣವನ್ನೇ ಕುಂದಿಸುತ್ತದೆ. ಆದುದರಿಂದ ತೆಳು ತಗಡನ್ನು ಎಷ್ಟು ಬಾರಿ ಕಾಯಿಸಬಹುದೆಂಬುದಕ್ಕೆ ಮಿತಿಯಿದೆ.

ತಾನು ಸವೆದು ರಕ್ಷಣೆ

ಹೊರಪದರು ಬರಿಯ ಹೊದಿಕೆಯಲ್ಲ. ಸಣ್ಣ ಗೀರು ಬಿದ್ದು ಒಳಲೋಹ ಕಾಣಿಸಿಕೊಂಡರೂ, ಸುತ್ತಲಿನ ಶುದ್ಧ ಅಲ್ಯೂಮಿನಿಯಂ ಮೊದಲು ತಾನು ಸವೆದು ಅದನ್ನು ಕಾಯುತ್ತದೆ. ಹೊಳಪಿಗಾಗಿ ಅತಿಯಾಗಿ ಉಜ್ಜಿದರೆ ಈ ರಕ್ಷಣೆ ಅಳಿದುಹೋಗುತ್ತದೆ.

ಆದರೆ ತಗಡಿನ ಗುಣವೊಂದೇ ಸಾಲದು. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ, ಸುಮಾರು 90 ಸಾವಿರ ಹಾರಾಟ ನಡೆಸಿದ್ದ ವಿಮಾನವೊಂದರ ಛಾವಣಿ ಆಕಾಶದಲ್ಲೇ ಕಿತ್ತುಹೋಯಿತು. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಉಳಿದ 94 ಜನ ಬದುಕುಳಿದರು. ತಗಡುಗಳ ಜೋಡಣೆಯಲ್ಲಿ ಅಂಟು ಬಿಟ್ಟು, ತುಕ್ಕು ಸೇರಿ, ಲೋಹ ದಣಿದು ಬಿರುಕುಬಿಟ್ಟಿತ್ತು. ಈ ಘಟನೆಯ ಬಳಿಕ ಹಳೆಯ ವಿಮಾನಗಳ ತಪಾಸಣೆ ಬಿಗಿಗೊಂಡಿತು. ಕುಲುಮೆಯಲ್ಲಿ ವಹಿಸಿದ ಎಚ್ಚರವನ್ನು ವಿಮಾನದ ಕೊನೆಯ ಹಾರಾಟದವರೆಗೂ ವಹಿಸಿದಾಗಲೇ ಪ್ರಯಾಣಿಕನ ಪ್ರಾಣಕ್ಕೆ ಅಭಯ.