ನುಂಗಿದ ಕೋಶದೊಳಗೇ ಬದುಕುವ ಶಿಲೀಂಧ್ರ

ಬೆನ್ನುಹುರಿಯ ದ್ರವಕ್ಕೆ ಇಂಡಿಯಾ ಇಂಕ್ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ವಲಯ ಸುತ್ತಿಕೊಂಡ ದುಂಡನೆಯ ಕೋಶ ಕಂಡರೆ ಎದೆ ಧಸಕ್ಕೆನ್ನುತ್ತದೆ. ಅದು ಕ್ರಿಪ್ಟೊಕಾಕಸ್ ನಿಯೋಫಾರ್ಮನ್ಸ್, ಮೆದುಳುಪೊರೆಯ ಉರಿಯೂತ ತರುವ ಶಿಲೀಂಧ್ರ.

ಪಾರಿವಾಳದ ಹಿಕ್ಕೆ ಬೆರೆತ ಧೂಳಿನ ಮೂಲಕ ಶ್ವಾಸಕೋಶ ಸೇರುವ ಇದನ್ನು ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶ ನುಂಗುತ್ತದೆ. ಅನೇಕ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅಲ್ಲಿನ ಆಮ್ಲದಲ್ಲಿ ಇದು ಮೊಗ್ಗೊಡೆದು ಹೆಚ್ಚುತ್ತದೆ. ಸಕ್ಕರೆ ಅಣುಗಳ ದಪ್ಪ ಕವಚವೂ ಮೆಲನಿನ್ ವರ್ಣಕವೂ ಇದನ್ನು ಕಾಯುತ್ತವೆ. ಕೆಲವೊಮ್ಮೆ ಆ ಮ್ಯಾಕ್ರೋಫೇಜನ್ನು ಕೊಲ್ಲದೆಯೇ ಹೊರಬೀಳುತ್ತದೆ. ಹೀಗೆ ಹೊರಬೀಳುವುದನ್ನು ವಿಜ್ಞಾನಿಗಳು 2006ರಲ್ಲಿ ವರದಿ ಮಾಡಿದರು. ಕೋಶದೊಳಗೇ ಅಡಗಿ ಮೆದುಳಿಗೂ ಸಾಗಬಲ್ಲದು.

ಎಚ್‌ಐವಿಯಿಂದ ಸಿಡಿ4 ಎಂಬ ರಕ್ಷಣಾ ಕೋಶಗಳ ಎಣಿಕೆ 200ಕ್ಕಿಂತ ಕೆಳಗಿಳಿದವರಿಗೆ ಅಪಾಯ ಹೆಚ್ಚು. ರಕ್ತದ ಆಂಟಿಜೆನ್ ಪರೀಕ್ಷೆ ತಲೆನೋವು ಶುರುವಾಗುವ ಮೊದಲೇ ಸೋಂಕನ್ನು ಪತ್ತೆಹಚ್ಚಬಲ್ಲದು. ಅಂಥವರು ವೈದ್ಯರನ್ನು ಕೇಳಿ ಅದನ್ನು ತಪ್ಪದೆ ಮಾಡಿಸಿಕೊಳ್ಳಿ.